ಎದೆಯ ಸರ್ವೆ

ನನ್ನ ಹೃದಯ ಎಲ್ಲಿದೆ ಎಂಬುದು ನಲವತ್ತಾರನೆಯ ವಯಸ್ಸಿನವರೆಗೆ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಎಡಗಡೆ ಎಲ್ಲೋ ಇದೆ ಎಂದು ಶಾಲೆಯಲ್ಲಿ ಓದಿದ್ದೆ. ಬೀರುವಿನ ತಳದಲ್ಲಿ ಮದುವೆಯ ರೇಷ್ಮೆ ಪಂಚೆ ಇದ್ದೇ ಇರುತ್ತದೆ ಎಂದು ನಂಬಿ ಯಾರೂ ಅದನ್ನು ಹುಡುಕಲು ಹೋಗುವುದಿಲ್ಲವಲ್ಲ, ಹಾಗೆ ನಾನೂ ಇದ್ದೆ. ವೃತ್ತಿಯಿಂದ ನಾನು ಭೂಮಾಪಕ. ನಾಗಮಂಗಲ ತಾಲ್ಲೂಕಿನ ಯಾವ ಹೊಲದ ಗಡಿಕಲ್ಲು ಯಾವ ಪೊದೆಯ ಹಿಂದೆ ಅಡಗಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದವನು. ಸ್ವಂತ ಮೈಯ ಸರಹದ್ದಿನೊಳಗೆ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳುವ ಗೋಜಿಗೆ ಹೋಗಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ ಅಲ್ಲೇ ಕೂತುಬಿಟ್ಟೆ. ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ್ದಾಯಿತು. ಅವರು ನನ್ನನ್ನು ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ನಿಲ್ಲಿಸಿ ನಡೆಸಿದರು. ನಾನು ಬೆವರು ಸುರಿಸಿ ಎಷ್ಟು ನಡೆದರೂ ಅದೇ ಕೋಣೆಯಲ್ಲಿದ್ದೆ. ಸರಕಾರಿ ಕೆಲಸದಲ್ಲಿ ಇದರ ಅಭ್ಯಾಸ ಇದ್ದುದರಿಂದ ಬೇಸರವಾಗಲಿಲ್ಲ. ಹೆದರುವಂಥದ್ದೇನೂ ಇಲ್ಲ, ಆದರೆ ಹೊಲ ಸುತ್ತುವುದು ಬಿಟ್ಟು ಕಚೇರಿಯ ಕುರ್ಚಿಗೆ ಬಿದ್ದ ಮೇಲೆ ಹೃದಯ ಸೋಮಾರಿಯಾಗಿದೆ ಎಂದರು. ದಿನಾ ಬೆಳಿಗ್ಗೆ ಬಿರುಸಾಗಿ ನಡೆಯಬೇಕು. ನಾಡಿ ನೂರೈದಕ್ಕಿಂತ ಕೆಳಗಿಳಿಯಬಾರದು, ನೂರಿಪ್ಪತ್ತೆರಡು ದಾಟಬಾರದು. ಇಷ್ಟು ಕಿರಿದಾದ ಜಾಗದಲ್ಲಿ ಬದುಕಬೇಕಲ್ಲ ಎಂದು ನನಗೆ ಮೊದಲ ಸಲ ದುಃಖವಾಯಿತು.

ನಡೆಯುತ್ತ ನಾಡಿ ಹಿಡಿದು ಎಣಿಸುವುದು ಕಷ್ಟ. ಎಣಿಕೆ ಮುಗಿಯುವಷ್ಟರಲ್ಲಿ ಎಮ್ಮೆ ಅಡ್ಡ ಬರುತ್ತದೆ. ಆಗ ನೆರವಿಗೆ ಬಂದವನು ಚಿನಕುರಳಿಯ ಶಿವಲಿಂಗ. ನನ್ನ ಕಾಲೇಜಿನ ಗೆಳೆಯ, ಮೈಸೂರಿನಲ್ಲಿ ಹುಡುಗರಿಗೆ ಓಟ ಕಲಿಸುತ್ತಿದ್ದ. ತನ್ನ ಹತ್ತಿರ ಇದ್ದ ಹಳೆಯದೊಂದು ಯಂತ್ರವನ್ನು ನನಗೆ ಕೊಟ್ಟ. ಎದೆಗೆ ಕಟ್ಟಿಕೊಳ್ಳಲು ಒಂದು ರಬ್ಬರಿನ ಪಟ್ಟಿ, ಕೈಗೆ ಒಂದು ದಪ್ಪ ಕಪ್ಪು ಗಡಿಯಾರ. ಪಟ್ಟಿ ಎದೆಯ ಬಡಿತವನ್ನು ಕೇಳಿಸಿಕೊಂಡು ತಂತಿಯಿಲ್ಲದೆಯೇ ಗಡಿಯಾರಕ್ಕೆ ತಿಳಿಸುತ್ತದೆ, ಗಡಿಯಾರದಲ್ಲಿ ಅಂಕಿ ಮೂಡುತ್ತದೆ. ಕೊಟ್ಟ ಸರಹದ್ದಿನಿಂದ ಬಡಿತ ಆಚೀಚೆಯಾದರೆ ಅದು ಕೀ ಕೀ ಎಂದು ಕೂಗುತ್ತದೆ. ಪಟ್ಟಿಯ ಒಳಮೈಯನ್ನು ಒದ್ದೆ ಮಾಡಿಕೊಳ್ಳಬೇಕು, ಹುಡುಗರು ಎಂಜಲು ಹಚ್ಚಿಕೊಳ್ಳುತ್ತಾರೆ ಎಂದ. ನಾನು ಬೋರ್‌ವೆಲ್ಲಿನ ನೀರನ್ನೇ ಹಚ್ಚುವುದೆಂದು ಅಲ್ಲೇ ತೀರ್ಮಾನಿಸಿದೆ.

ಮನುಷ್ಯನ ಬಡಿತಕ್ಕೆ ಐದು ವಲಯಗಳಿವೆಯಂತೆ. ಇನ್ನೂರ ಇಪ್ಪತ್ತರಲ್ಲಿ ವಯಸ್ಸನ್ನು ಕಳೆದರೆ ಬರುವುದು ಗರಿಷ್ಠ ಬಡಿತ, ಅದನ್ನು ಐದು ಪಾಲು ಮಾಡಿ ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದಾರೆ. ಪ್ರತಿ ಹುಟ್ಟುಹಬ್ಬಕ್ಕೂ ಸರಕಾರ ಒಂದು ಬಡಿತ ಜಪ್ತಿ ಮಾಡಿಕೊಳ್ಳುವ ಈ ಲೆಕ್ಕ ನನಗೆ ಅಷ್ಟಾಗಿ ಹಿಡಿಸಲಿಲ್ಲ. ವಲಯಗಳ ಇಂಗ್ಲಿಷ್ ಹೆಸರುಗಳು ನನ್ನ ತಲೆಗೆ ಹತ್ತದೆ ಇದ್ದುದನ್ನು ನೋಡಿ ಶಿವಲಿಂಗ ತನ್ನದೇ ವಿವರಣೆ ಕೊಟ್ಟ. "ನೋಡ್ಲಾ, ಮೊದುಲ್ನೇದ್ರಲ್ಲಿ ಹರಟೆ ಒಡೀಬೌದು. ಎರಡ್ನೇದ್ರಲ್ಲಿ ಮಾತಾಡ್ಬೌದು, ಪದ ಆಡಕಾಗಕಿಲ್ಲ. ಮೂರ್ನೇದ್ರಲ್ಲಿ ಊಂ, ಊಹೂಂ, ಅಷ್ಟೇಯ. ನಾಕ್ನೇದ್ರಲ್ಲಿ ದ್ಯಾವ್ರು ಗ್ಯಾಪಕಕ್ಕೆ ಬತ್ತಾನೆ. ಅದ್ರಾಚಿಕ್ಕೆ ಓದ್ರೆ ನೀನೇ ದ್ಯಾವ್ರ ತಾವ್ಕೆ ಓಗ್ಬುಡ್ತೀಯ." ಇದಕ್ಕಿಂತ ಸ್ಪಷ್ಟವಾಗಿ ಆ ವಿಷಯವನ್ನು ಯಾರೂ ನನಗೆ ಇನ್ನೂ ಹೇಳಿಲ್ಲ.

ನಮ್ಮ ಹಿಂದಿನವರೂ ಈ ಕೆಲಸ ಮಾಡಿದ್ದಾರೆ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ನಾಡಿ ಹಾವಿನಂತೆ ಹರಿಯುತ್ತಿದೆಯೇ, ಕಪ್ಪೆಯಂತೆ ಕುಪ್ಪಳಿಸುತ್ತಿದೆಯೇ, ಹಂಸದಂತೆ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ನಮ್ಮೂರಿನ ಪಂಡಿತರು ನನ್ನ ನಾಡಿ ಹಿಡಿದು, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು, ಅಪ್ಪನ ಹತ್ತಿರ ಕಬ್ಬಿನ ವಿಷಯ ಮಾತಾಡಿ, ಕೊನೆಗೆ ನಿನ್ನೆ ಹಲಸಿನ ಹಣ್ಣು ಜಾಸ್ತಿ ತಿಂದಿದ್ದೀಯ ಎಂದು ಹೇಳಿ ಕಳಿಸುತ್ತಿದ್ದರು. ಇನ್ನು ನಮ್ಮ ಭಾಷೆಯಲ್ಲಿ ಬಡಿತದ ವಲಯಗಳು ಐದಕ್ಕೆ ನಿಲ್ಲುವುದೇ ಇಲ್ಲ. ಎದೆ ಢವಗುಟ್ಟುತ್ತದೆ, ಧಸಕ್ಕೆನ್ನುತ್ತದೆ, ಝಲ್ಲೆನ್ನುತ್ತದೆ, ತುಂಬಿ ಬರುತ್ತದೆ. ಇವೆಲ್ಲಕ್ಕೂ ಯಂತ್ರದಲ್ಲಿ ಏನಾದರೂ ಒಂದು ಅಂಕಿ ಸಿಗಬಹುದು. ಎದೆ ಭಾರವಾಗುವುದಕ್ಕೆ ಮಾತ್ರ ಸಿಗುವುದಿಲ್ಲ, ನಾನು ಪರೀಕ್ಷೆ ಮಾಡಿ ನೋಡಿದ್ದೇನೆ.

ಹೇಗೆ ಎಂದರೆ, ನನ್ನ ಹೆಂಡತಿಯ ವಿಷಯಕ್ಕೆ ಬರಬೇಕು. ಸರೋಜ ಕೆ.ಆರ್. ಪೇಟೆಯಲ್ಲಿ ಹೈಸ್ಕೂಲು ಟೀಚರು. ನಾನು ನಾಗಮಂಗಲದಲ್ಲಿ, ಅವಳು ಅಲ್ಲಿ, ಮಗಳು ಮೈಸೂರಿನ ಹಾಸ್ಟೆಲಿನಲ್ಲಿ. ಒಂದು ಸಂಸಾರಕ್ಕೆ ಮೂರು ಊರಿನಲ್ಲಿ ಮೂರು ಸೀಮೆಎಣ್ಣೆ ಸ್ಟವ್ವು. ಮದುವೆಯಾದ ಹೊಸತರಲ್ಲಿ ಇಬ್ಬರೂ ಶ್ರೀರಂಗಪಟ್ಟಣದಲ್ಲಿದ್ದೆವು. ಸಂಜೆ ಕೋಟೆಯ ಗೋಡೆಗುಂಟ ಹೊಳೆಯ ತನಕ ನಡೆದು, ಕಾಲು ತೋಯಿಸಿಕೊಂಡು, ಅವಳು ಹಾಡಿಕೊಳ್ಳುತ್ತ, ನಾನು ಕೇಳಿಕೊಳ್ಳುತ್ತ ವಾಪಸು ಬರುತ್ತಿದ್ದೆವು. ಶಿವಲಿಂಗನ ಲೆಕ್ಕದಲ್ಲಿ ಅದು ಯಾವ ವ್ಯಾಯಾಮವೂ ಅಲ್ಲ. ಆಮೇಲೆ ಪಾಂಡವಪುರಕ್ಕೆ ವರ್ಗವಾಯಿತು, ಅಲ್ಲೂ ಜೊತೆಗಿದ್ದೆವು. ಕುಂತಿಬೆಟ್ಟ ಹತ್ತುವಾಗ ಅವಳು ಯಾವಾಗಲೂ ನನಗಿಂತ ಮೂರು ಬಂಡೆ ಮೇಲಿರುತ್ತಿದ್ದಳು. ಅದಾದ ಮೇಲೆ ಸರಕಾರಕ್ಕೆ ನಮ್ಮಿಬ್ಬರನ್ನೂ ಒಂದೇ ಊರಿನಲ್ಲಿ ಇಡುವುದು ಹೊಂದಲಿಲ್ಲ. ಅವಳು ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದಳು.

ಯಂತ್ರ ಬಂದ ಹೊಸತರಲ್ಲಿ ಅವಳನ್ನು ಬಸ್ಸು ಹತ್ತಿಸಿ ನಿಂತಾಗ ಗಡಿಯಾರ ನೋಡಿದೆ. ಎದೆಯ ಮೇಲೆ ಯಾರೋ ಚಪ್ಪಡಿ ಇಟ್ಟ ಹಾಗಿತ್ತು. ಅಂಕಿ ಎಪ್ಪತ್ತೆರಡು ತೋರಿಸುತ್ತಿತ್ತು, ಊಟ ಮಾಡಿ ಮಲಗಿದವನದು ಹೇಗಿರುತ್ತದೋ ಹಾಗೆ. ಹೆದರಿಕೆಗೆ ಬಡಿತ ಏರುತ್ತದೆ, ಸಿಟ್ಟಿಗೆ ಏರುತ್ತದೆ, ಕಚೇರಿಗೆ ಮೇಲಧಿಕಾರಿ ಬಂದರೂ ಏರುತ್ತದೆ. ಒಬ್ಬರಿಗಾಗಿ ಹಂಬಲಿಸುವಾಗ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮನೆಗೆ ಬಂದು, ಅವಳು ತೊಳೆದು ಬೋರಲು ಹಾಕಿ ಹೋದ ಲೋಟವನ್ನು ರಾತ್ರಿಯವರೆಗೆ ಎತ್ತದೆ ಬಿಟ್ಟಿದ್ದೆ.

ಆ ವರ್ಷವೇ ಒಂದು ಪ್ರಶ್ನೆ ಎದುರಾಯಿತು. ಕೆ.ಆರ್. ಪೇಟೆಯ ಅವಳ ಶಾಲೆಯಲ್ಲಿ ಹೆಡ್‌ಮಿಸ್ಸು ಜಾಗ ಖಾಲಿಯಾಗಿ ಅವಳಿಗೆ ಬರುವ ಹಾಗಾಯಿತು. ಅದೇ ಹೊತ್ತಿಗೆ ನಾಗಮಂಗಲದಲ್ಲಿಯೂ ಒಂದು ಜಾಗ ಖಾಲಿಯಾಯಿತು, ಆದರೆ ಬರೀ ಮೇಷ್ಟ್ರ ಜಾಗ. ಅಲ್ಲಿ ಕುರ್ಚಿ, ಇಲ್ಲಿ ನಾನು. ತಿಂಗಳ ಕೊನೆಯೊಳಗೆ ಒಂದನ್ನು ಒಪ್ಪಿಕೊಳ್ಳಬೇಕು. ಶನಿವಾರ ಬಂದಾಗಲೆಲ್ಲ ಅವಳು ನೀವೇನಂತೀರಿ ಎಂದು ಕೇಳುತ್ತಿದ್ದಳು. ನಾನು ನಿನ್ನಿಷ್ಟ ಎನ್ನುತ್ತಿದ್ದೆ. ಹಾಗೆ ಹೇಳುವಾಗ ನನ್ನಂಥ ಉದಾರಿ ಗಂಡ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ನನಗೇ ಅನ್ನಿಸುತ್ತಿತ್ತು. ಅವಳು ಮೊರ ಎಳೆದುಕೊಂಡು ಅಕ್ಕಿ ಆರಿಸಲು ಕೂರುತ್ತಿದ್ದಳು.

ಗಂಡನಿಗೆ ಎದೆನೋವು ಎಂದು ಹೇಳಿದರೆ ಯಾರು ಬೇಡವೆಂದಾರು, ಬಂದುಬಿಡಲಿ ಎಂದು ನಮ್ಮತ್ತೆ ಸಲಹೆ ಕೊಟ್ಟಿದ್ದರು. ತೊಂದರೆ ಎಂದರೆ ನನ್ನ ಎದೆ ದಿನೇ ದಿನೇ ಸುಧಾರಿಸುತ್ತಿತ್ತು. ನಡೆದಷ್ಟೂ ಬಡಿತ ಹದಕ್ಕೆ ಬರುತ್ತಿತ್ತು, ಮೆಟ್ಟಿಲು ಹತ್ತಿದರೂ ಉಬ್ಬಸವಿಲ್ಲ. ಡಾಕ್ಟರು ಬೆನ್ನು ತಟ್ಟಿದಾಗ ನನಗೆ ಪೂರ್ತಿ ಸಂತೋಷವಾಗಲಿಲ್ಲ. ಅವಳು ಬರುವುದಕ್ಕೆ ಇದ್ದ ಒಂದೇ ಒಂದು ಕಾರಣವನ್ನು ನಾನೇ ದಿನಾ ಬೆಳಿಗ್ಗೆ ಎದ್ದು ನಡೆದು ಸವೆಸುತ್ತಿದ್ದೆ.

ನಡಿಗೆಗೆ ನಾನು ಆರಿಸಿಕೊಂಡಿದ್ದು ಬೆಳ್ಳೂರಿನ ಕಡೆಯ ರಸ್ತೆ. ಇಲ್ಲಿ ಇನ್ನೊಂದು ಎಡವಟ್ಟಾಯಿತು. ಸರ್ವೆಯವನು ದಿನಾ ಬೆಳಿಗ್ಗೆ ಒಂದೇ ರಸ್ತೆಯಲ್ಲಿ, ಒಂದೇ ಬಿರುಸಿನಲ್ಲಿ, ಕೈಗೆ ಕಟ್ಟಿಕೊಂಡ ಯಂತ್ರವನ್ನು ನೋಡಿಕೊಂಡು ಹೋಗಿ ಬರುತ್ತಿದ್ದರೆ ಜನ ಏನು ತಿಳಿಯಬೇಕು? ಯಂತ್ರ ಬೇರೆ ನಡುನಡುವೆ ಕೀ ಕೀ ಎನ್ನುತ್ತದೆ. ರಸ್ತೆ ಅಗಲ ಮಾಡುತ್ತಾರೆ, ಗುಟ್ಟಾಗಿ ಅಳತೆ ನಡೆದಿದೆ ಎಂದು ಸುದ್ದಿ ಹಬ್ಬಿತು. ಯಾರೋ ಒಬ್ಬರು ರಸ್ತೆ ಬದಿಯ ಹುಲ್ಲಿನ ಮೆದೆಯನ್ನು ಹಿಂದಕ್ಕೆ ಸರಿಸಿದರು. ನಾನು ಎಲ್ಲಿ ಕೀ ಎಂದು ಕೂಗಿಸಿದೆನೋ ಅಲ್ಲಿ ಕಲ್ಲು ನೆಡುತ್ತಾರೆ ಎಂಬ ಮಾತೂ ಹುಟ್ಟಿಕೊಂಡಿತು.

ರಸ್ತೆಯ ಅಂಚಿನಲ್ಲೇ ತೆಂಗಿನ ಸಾಲು ಇದ್ದ ಬೋರೇಗೌಡರಿಗೆ ಎಲ್ಲರಿಗಿಂತ ಹೆಚ್ಚು ಚಿಂತೆ. ದಿನಾ ನನ್ನನ್ನು ತಡೆದು ಎಳನೀರು ಕೊಚ್ಚಿ ಕೊಡುತ್ತಿದ್ದರು. ಒಲ್ಲೆ ಎಂದರೆ, ತಮ್ಮ ಸಾಲು ಹೋಗುವುದು ಖಂಡಿತ ಎಂದು ಅವರ ಮುಖ ಬಾಡುತ್ತಿತ್ತು. ಕುಡಿಯುತ್ತ ನಿಂತರೆ ಬಡಿತ ಸರಹದ್ದಿನ ಕೆಳಕ್ಕಿಳಿದು ಗಡಿಯಾರ ಅರಚುತ್ತಿತ್ತು. ಅರಚಿದ ಕೂಡಲೇ ಅವರು ತಮ್ಮ ಮರಗಳ ಕಡೆ ನೋಡುತ್ತಿದ್ದರು. ಕೊನೆಗೆ ಒಂದು ದಿನ ಅಂಗಿಯ ಗುಂಡಿ ಬಿಚ್ಚಿ ಪಟ್ಟಿಯನ್ನೇ ತೋರಿಸಿ, ಇದು ನನ್ನ ಎದೆಯ ಬಡಿತ ನೋಡುವುದಕ್ಕೆ ಎಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿಸಿಕೊಂಡು, "ಎದೆ ಅಳಿಯಕೆ ರೋಡ್ ಯಾಕ್ ಬೇಕು ಸಾರ್? ಮನೇಲೇ ಕುಂತ್ಕಂಡು ಅಳೀಬೌದಲ್ಲ" ಎಂದರು. ನಾನು ಗುಂಡಿ ಹಾಕಿಕೊಂಡು ಹೊರಟೆ. ಮಾರನೆಯ ದಿನವೂ ಎಳನೀರು ಬಂತು.

ಈ ಕಥೆಯನ್ನೆಲ್ಲ ಹೇಳಿದಾಗ ಸರೋಜ ಬಹಳ ನಕ್ಕಳು. ಅವಳು ನಕ್ಕರೆ ಮನೆ ಅಷ್ಟು ಹೊತ್ತು ಶ್ರೀರಂಗಪಟ್ಟಣದ ಮನೆಯಾಗುತ್ತಿತ್ತು. ಮರುದಿನ ಭಾನುವಾರ. ನಾನೂ ಬರುತ್ತೇನೆ, ಆ ಪಟ್ಟಿಯನ್ನು ನಾನು ಕಟ್ಟಿಕೊಳ್ಳುತ್ತೇನೆ, ನನ್ನದೆಷ್ಟಿದೆ ನೋಡಿ ಎಂದಳು. ರವಿಕೆಯೊಳಗೆ ಪಟ್ಟಿ ಕಟ್ಟಿಕೊಂಡು, ಸೆರಗು ಬಿಗಿದು ಹೊರಟಳು. ಗಡಿಯಾರ ನನ್ನ ಕೈಯಲ್ಲೇ ಉಳಿಯಿತು.

ಆ ಯಂತ್ರದ ಸ್ವಭಾವ ಒಂದಿದೆ. ಪಟ್ಟಿ ಕಟ್ಟಿಕೊಂಡವರು ಎರಡು ಮೊಳದೊಳಗೆ ಇದ್ದರೆ ಮಾತ್ರ ಗಡಿಯಾರಕ್ಕೆ ಕೇಳಿಸುತ್ತದೆ. ಸ್ವಲ್ಪ ದೂರವಾದರೂ ಎರಡು ಸೊನ್ನೆ. ಹಾಗಾಗಿ ಆ ಬೆಳಿಗ್ಗೆ ನಾನು ಅವಳಿಗೆ ತೀರ ಹತ್ತಿರ, ತೋಳಿಗೆ ತೋಳು ತಗಲುವಷ್ಟು ಹತ್ತಿರ ನಡೆಯಬೇಕಾಯಿತು. ನಮ್ಮ ಕಡೆ ಆ ವಯಸ್ಸಿನ ಗಂಡ ಹೆಂಡತಿ ರಸ್ತೆಯಲ್ಲಿ ಹಾಗೆ ನಡೆಯುವುದಿಲ್ಲ. ಗಂಡ ಹತ್ತು ಹೆಜ್ಜೆ ಮುಂದೆ ಹೋಗಿ ಆಗಾಗ ತಿರುಗಿ ನೋಡುತ್ತಾನೆ, ಪ್ರೀತಿ ಹೆಚ್ಚಿದ್ದರೆ ಒಂದೆರಡು ಸಲ ಜಾಸ್ತಿ ನೋಡುತ್ತಾನೆ. ಬೋರೇಗೌಡರು ನಮ್ಮನ್ನು ಕಂಡು, ಮೇಡಮ್ಮೋರನ್ನೂ ಅಳತೆಗೆ ಕರೆದುಕೊಂಡು ಬಂದಿದ್ದೀರಲ್ಲ, ಕೆಲಸ ಜೋರಾಗಿಯೇ ನಡೆದಿದೆ ಎಂದು ಎರಡು ಎಳನೀರು ಕೊಚ್ಚಿದರು. ನಗು ತಡೆದುಕೊಂಡ ಸರೋಜಳ ಬಡಿತ ತೊಂಬತ್ತೆಂಟಕ್ಕೆ ಹೋಗಿತ್ತು.

ಮುಂದೆ ನಡೆದೆವು. ಇಪ್ಪತ್ತು ವರ್ಷದಿಂದ ಜೊತೆಗಿರುವವಳ ಎದೆಯ ಸದ್ದು ನನ್ನ ಮಣಿಕಟ್ಟಿನ ಮೇಲೆ ಅಂಕಿಯಾಗಿ ಬೀಳುತ್ತಿತ್ತು. ನನಗೆ ರಸ್ತೆಯ ಮೇಲೆ ಕಣ್ಣೇ ಇರಲಿಲ್ಲ. ಅವಳು ತನ್ನ ಶಾಲೆಯ ವಿಷಯ ಎತ್ತಿದಳು. ಹೆಣ್ಣುಮಕ್ಕಳಿಗೆ ಬೇರೆ ಕಕ್ಕಸು ಕಟ್ಟಿಸಬೇಕಂತೆ, ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಶಾಲೆ ಬಿಡಿಸುವ ಮನೆಗಳಿಗೆ ತಾನೇ ಹೋಗಿ ಮಾತಾಡಬೇಕಂತೆ, ಕುರ್ಚಿಯಲ್ಲಿ ಕೂತರೆ ಅದೆಲ್ಲ ಆಗುತ್ತದಂತೆ. ಅಂಕಿ ಏರಿತು. ನೂರೆರಡು, ನೂರೆಂಟು. ಆಮೇಲೆ ಅವಳು ದನಿ ತಗ್ಗಿಸಿ, ಇಲ್ಲಿಗೆ ಬಂದರೆ ಮಾತ್ರ ಅದೆಲ್ಲ ಬಿಟ್ಟೇ ಬರಬೇಕು ಎಂದಳು. ನೂರ ಹದಿನೈದು.

ನಿನ್ನ ಬಡಿತ ಏರಿದೆ ಎಂದೆ. ದಿಬ್ಬ ಹತ್ತುತ್ತಿದ್ದೇವಲ್ಲ ಎಂದಳು. ಇದೇ ಮಾತನ್ನು ಬೇರೆ ಯಾರ ಹತ್ತಿರ ಹೇಳಿದ್ದರೂ ನಡೆಯುತ್ತಿತ್ತು. ಆ ರಸ್ತೆಯ ಮಟ್ಟ ನೋಡಿದವನು ನಾನೇ. ಅಲ್ಲಿ ನೀರು ಚೆಲ್ಲಿದರೆ ಯಾವ ಕಡೆಗೆ ಹರಿಯಬೇಕೆಂದು ತಿಳಿಯದೆ ನಿಂತಲ್ಲೇ ಇಂಗುತ್ತದೆ, ಅಷ್ಟು ಸಪಾಟು.

ದಿಬ್ಬವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಆ ನೂರ ಹದಿನೈದು ಯಾತರದು? ಶಾಲೆಯ ಸಂಭ್ರಮವೋ, ಅದನ್ನು ಬಿಡಬೇಕಲ್ಲ ಎಂಬ ಸಂಕಟವೋ, ನನ್ನನ್ನು ಬಿಟ್ಟಿರಬೇಕಲ್ಲ ಎಂಬುದೋ? ಮೂರಕ್ಕೂ ಯಂತ್ರದಲ್ಲಿ ಒಂದೇ ಅಂಕಿ. ಹೊಲದ ಅಳತೆಯಲ್ಲೂ ಹೀಗೇ, ಎಷ್ಟು ಎಕರೆ ಎಷ್ಟು ಗುಂಟೆ ಎಂದು ಕಾಗದ ಹೇಳುತ್ತದೆ, ಆ ಹೊಲದವನಿಗೆ ಅದರ ಮೇಲೆ ಎಷ್ಟು ಆಸೆ ಎಂದು ಹೇಳುವುದಿಲ್ಲ. ತಿಳಿಯಬೇಕೆಂದರೆ ಬಾಯಿಬಿಟ್ಟು ಕೇಳಬೇಕು. ಕೇಳಬೇಕೆಂದರೆ ಮೊದಲು ನನ್ನದನ್ನು ಹೇಳಬೇಕು. ನನ್ನ ಬಡಿತ ಆಗ ಎಷ್ಟಿತ್ತೋ ಗೊತ್ತಿಲ್ಲ, ಪಟ್ಟಿ ಅವಳ ಹತ್ತಿರ ಇತ್ತು. ಕಿವಿಯಲ್ಲಿ ಮಾತ್ರ ಕೇಳಿಸುತ್ತಿತ್ತು.

"ಬಂದ್ಬುಡು ಸರೋಜ" ಎಂದೆ. "ನಂಗೆ ಒಬ್ನೇ ಇದ್ದು ಇದ್ದು ಸಾಕಾಗೋಗದೆ."

ಅವಳು ನಿಂತುಬಿಟ್ಟಳು. ನಾನೂ ನಿಂತೆ. ಹೊಲದಲ್ಲಿ ರಾಗಿ ಹಸಿರಾಗಿತ್ತು, ಅವಳು ಅದನ್ನೇ ನೋಡುತ್ತಿದ್ದಳು. ಬಡಿತ ಇನ್ನೂ ಏರುತ್ತದೆ ಎಂದು ನಾನು ಹೆದರಿದ್ದೆ. ಅದು ಒಂದೊಂದಾಗಿ ಇಳಿಯುತ್ತ ಬಂತು. ತೊಂಬತ್ತು, ಎಂಬತ್ತಾರು, ಎಂಬತ್ತು. ಸರಹದ್ದಿನ ಕೆಳಕ್ಕಿಳಿದದ್ದಕ್ಕೆ ಗಡಿಯಾರ ಕೀ ಕೀ ಎಂದು ಕೂಗುತ್ತಲೇ ಇತ್ತು. ಅದರ ಬಾಯಿ ಮುಚ್ಚಿಸುವ ಗುಂಡಿ ಯಾವುದೆಂದು ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

"ನೀವು ನಿನ್ನಿಷ್ಟ ಅಂದಾಗೆಲ್ಲ, ಇವ್ರಿಗೆ ನಾನು ಬಂದ್ರೂ ಒಂದೇ, ಬರ್ದೇ ಇದ್ರೂ ಒಂದೇ ಅಂದ್ಕತಿದ್ದೆ" ಎಂದಳು. ಸೆರಗು ಸರಿಮಾಡಿಕೊಂಡು, "ಅಂಗಿದ್ದಾಗ ಅಲ್ಲಿ ಇರಕ್ಕೇ ಆಯ್ತಿರ್ಲಿಲ್ಲ ನಂಗೆ. ಈಗ ಬೇಕು ಅಂದ್ರಲ್ಲ. ಇನ್ನೆರಡು ವರ್ಸ ಅಲ್ಲೇ ಇರ್ಬೌದು" ಎಂದಳು.

ಬಾ ಎಂದದ್ದಕ್ಕೆ ಸಿಕ್ಕ ಉತ್ತರ ಇದು. ಹೆಂಗಸರ ತರ್ಕ ಎಂದು ನಗುವವರು ನಗಲಿ. ನನಗೆ ಅದು ಅರ್ಥವಾಯಿತು, ಅರ್ಥವಾದದ್ದೇ ಕಷ್ಟವಾಯಿತು. ಅವಳನ್ನು ಕರೆಯದೆ ಇದ್ದು ಇಷ್ಟು ವರ್ಷ ದೂರ ಇಟ್ಟಿದ್ದೆ. ಈಗ ಕರೆದು ದೂರಕ್ಕೆ ಕಳಿಸಿಕೊಡುತ್ತಿದ್ದೆ. ಎರಡೂ ಒಂದೇ ಅಲ್ಲ ಎಂದು ಸಪಾಟಾದ ಆ ರಸ್ತೆಯಲ್ಲಿ ನಿಂತು ತಿಳಿದುಕೊಂಡೆ. ವಾಪಸು ಬರುವಾಗ ಪಟ್ಟಿಯ ನೆಪ ಇನ್ನೂ ಇತ್ತಾದ್ದರಿಂದ ಹತ್ತಿರ ಹತ್ತಿರವೇ ನಡೆದೆವು. ಅವಳು ಏನನ್ನೋ ಹಾಡಿಕೊಳ್ಳಲು ಶುರು ಮಾಡಿ, ಎದುರಿಗೆ ಟ್ರಾಕ್ಟರು ಬಂದದ್ದರಿಂದ ನಿಲ್ಲಿಸಿದಳು.

ಸೋಮವಾರ ಅವಳು ಹೋದಳು. ಮಂಗಳವಾರ ಬೆಳಿಗ್ಗೆ ನೋಡಿದರೆ ಪಟ್ಟಿ ಇಲ್ಲ. ಬಚ್ಚಲಲ್ಲಿ, ಬಟ್ಟೆ ಒಣಹಾಕುವ ತಂತಿಯ ಮೇಲೆ, ಬೀರುವಿನಲ್ಲಿ, ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅವಳ ಚೀಲದಲ್ಲಿ ಹೋಗಿರಬೇಕು ಎಂದುಕೊಂಡು ಬರೀ ಗಡಿಯಾರ ಕಟ್ಟಿಕೊಂಡು ಹೊರಟೆ. ಆ ವಾರವೆಲ್ಲ ಅದರಲ್ಲಿ ಎರಡು ಸೊನ್ನೆಗಳು. ವಲಯದ ಒಳಗಿದ್ದೇನೋ ಹೊರಗಿದ್ದೇನೋ ತಿಳಿಯದೆ, ಮಾತಾಡುವಷ್ಟು ಉಸಿರಿದೆಯೇ ಎಂದು ನನಗೆ ನಾನೇ ಏನಾದರೂ ಹೇಳಿಕೊಂಡು ಪರೀಕ್ಷೆ ಮಾಡುತ್ತ ನಡೆದೆ. ಹೇಳಿಕೊಂಡದ್ದೆಲ್ಲ ಅವಳಿಗೆ ಹೇಳಬೇಕಾದ ಮಾತುಗಳೇ. ಕೈಯನ್ನು ನೋಡಿಕೊಳ್ಳದೆ ಹೋಗುವ ನನ್ನನ್ನು ಕಂಡು ಬೋರೇಗೌಡರು, ರಸ್ತೆಯ ಕೆಲಸ ಬರ್ಕಾಸ್ತಾಯಿತೆಂದು ನೆಮ್ಮದಿಯಾಗಿ, ಆ ಖುಷಿಗೂ ಒಂದು ಎಳನೀರು ಕೊಟ್ಟರು.

ಶನಿವಾರ ಸಂಜೆ ನಾನು ಬಸ್‌ಸ್ಟ್ಯಾಂಡಿಗೆ ಸ್ವಲ್ಪ ಮೊದಲೇ ಹೋಗಿದ್ದೆ. ಕೆ.ಆರ್. ಪೇಟೆಯ ಬಸ್ಸು ತುಂಬಿಕೊಂಡು ಬಂತು. ಇಳಿಯುವವರನ್ನು ಇಳಿಯಗೊಡದೆ ಹತ್ತುವವರು ಮುಗಿಬಿದ್ದಿದ್ದರು. ನಾನು ಹೇಗೋ ನುಗ್ಗಿ ಬಾಗಿಲ ಕಂಬಿ ಹಿಡಿದು ನಿಂತೆ. ಮೂಟೆಗಳ ನಡುವೆ ಅವಳು ಇನ್ನೂ ಎಲ್ಲಿದ್ದಾಳೆಂದು ನನಗೆ ಕಂಡಿರಲಿಲ್ಲ. ಆಗ ಕಂಬಿ ಹಿಡಿದ ಕೈಯ ಗಡಿಯಾರದಲ್ಲಿ ಸೊನ್ನೆ ಹೋಗಿ ನೂರ ಹದಿನೆಂಟು ಬಂತು.

ತಲೆಯೆತ್ತಿದರೆ ಅವಳು ಮೇಲಿನ ಮೆಟ್ಟಿಲಲ್ಲಿದ್ದಳು. ಮುಖ ಎಂದಿನ ಹಾಗೇ ಇತ್ತು, ಬದನೆಕಾಯಿಯ ಚೀಲ ಒಂದು ಕೈಯಲ್ಲಿ, ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಎಷ್ಟದೆ ಎಂದು ಕೇಳಿದಳು. ಹೇಳಿದೆ. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು ಇಳಿಯುತ್ತ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ಕೂತ್ಕಂಡೇ ಬಂದೆ ಕಣ್ರಿ. ಒಂದ್ ದಿಬ್ಬಾನೂ ಅತ್ನಿಲ್ಲ."